ಹಿಂದಿನ ಚಕ್ರದಲ್ಲಿ ನಿಲ್ಲಲೊಲ್ಲದ ಗಾಳಿಯವರ ಸನ್ನಿಧಿಗೆ

ಮಾನ್ಯ ಗಾಳಿಯವರೇ,

ನನ್ನ ಮೋಟರ್‌ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಕೆಲವು ತಿಂಗಳಿಂದ ವಾಸವಾಗಿರುವ, ಅಥವಾ ವಾಸವಾಗಿರಬೇಕಾಗಿದ್ದ, ತಮಗೆ ಗೌರವಪೂರ್ವಕ ನಮಸ್ಕಾರಗಳು. ತಾವು ಎಲ್ಲಿದ್ದರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಎಲ್ಲಿದ್ದೀರೆಂಬುದು ಮಾತ್ರ ನನಗೆ ತಿಳಿಯದು, ಟೈರಿನೊಳಗಂತೂ ಇಲ್ಲ.

ಸೋಮವಾರ ಬೆಳಿಗ್ಗೆ ತಮ್ಮನ್ನು ಪಂಪು ಹೊಡೆದು ಒಳಗೆ ಕರೆದುಕೊಂಡಾಗ ಮೀಟರು ಮೂವತ್ತಮೂರು ತೋರಿಸುತ್ತದೆ. ಬುಧವಾರ ಇಪ್ಪತ್ತಾರು. ಶುಕ್ರವಾರದ ಹೊತ್ತಿಗೆ ಹತ್ತೊಂಬತ್ತಕ್ಕಿಳಿದು, ಟೈರು ಊಟದ ಮೇಲೆ ಒರಗಿ ಕೂತವರ ಹಾಗೆ ನೆಲಕ್ಕೆ ಅಗಲವಾಗಿ ಹರಡಿಕೊಂಡಿರುತ್ತದೆ. ಮೊಳೆ ಚುಚ್ಚಿಲ್ಲ, ಗಾಜು ಕೊಯ್ದಿಲ್ಲ, ಉಸ್ಸೆಂಬ ಸದ್ದೂ ಇಲ್ಲ. ಕೆಲಸ ಬಿಡುವ ಗುಮಾಸ್ತರೂ ಒಂದು ಚೀಟಿ ಬರೆದಿಟ್ಟು ಹೋಗುತ್ತಾರೆ. ನಾನು ಕಾವ್ಯವನ್ನೇ ಪಠ್ಯವಾಗಿ ಓದಿ ಎಂ.ಎ. ಮಾಡಿದವಳು, ಅಲ್ಲಿ ತಾವು ಸಂದೇಶ ಹೊತ್ತು ಹೋಗುತ್ತೀರಿ, ಮುಂಗುರುಳು ಸರಿಸುತ್ತೀರಿ, ದೀಪ ನಡುಗಿಸುತ್ತೀರಿ. ದಿನಕ್ಕೆ ಮೂರೂವರೆ ಪೌಂಡಿನಂತೆ ಕರಗಿಹೋಗುತ್ತೀರೆಂದು ಯಾವ ಕವಿಯೂ ನನಗೆ ಎಚ್ಚರಿಕೆ ಕೊಟ್ಟಿರಲಿಲ್ಲ. ಇಷ್ಟು ನಿರ್ಮೋಹದಿಂದ, ಇಷ್ಟು ಸದ್ದಿಲ್ಲದೆ ಒಂದು ಮನೆಯನ್ನು ಬಿಟ್ಟುಹೋಗುವ ವಿದ್ಯೆಯನ್ನು ತಾವು ತರಗತಿ ನಡೆಸಿ ಕಲಿಸಿದರೆ ಮೊದಲ ಬೆಂಚಿನಲ್ಲಿ ನಾನೇ ಕೂರುತ್ತೇನೆ.

ಆದರೆ ತಮ್ಮ ವೈರಾಗ್ಯದಿಂದ ನನಗಾಗಿರುವ ತೊಂದರೆಯನ್ನು ನಿವೇದಿಸಿಕೊಳ್ಳಲೇಬೇಕು. ನಾನು ಈ ಬೈಕ್ ಓಡಿಸಲು ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ. ದಿನವೂ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅಣೆಕಟ್ಟೆಯ ರಸ್ತೆಯಲ್ಲಿ ನಲವತ್ತು ನಿಮಿಷ ಒಬ್ಬಳೇ ಸುತ್ತಿ ಬರುತ್ತೇನೆ. ಇಡೀ ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ನಲವತ್ತು ನಿಮಿಷಗಳು ಅವು ಮಾತ್ರ; ಕೀಲಿ ಎಲ್ಲಿ, ಸಾರಿಗೆ ಉಪ್ಪು ಹಾಕಿದೆಯಾ, ಆ ಕಡತ ಯಾರ ಮೇಜಿನ ಮೇಲಿದೆ, ಒಂದೂ ಇಲ್ಲ. ನಮ್ಮ ಮನೆಯವರಿಗೆ ಆ ರಸ್ತೆಯ ತಿರುವುಗಳನ್ನು ನೆನೆದರೇ ಎದೆ ಹೊಡೆದುಕೊಳ್ಳುತ್ತದೆ. ತಾವು ನಾಲ್ಕನೆಯ ವಾರವೂ ಕೈಕೊಟ್ಟಾಗ ಅವರು ಕಾಫಿ ಲೋಟ ಕೆಳಗಿಟ್ಟು, "ಬರೋ ಭಾನುವಾರದೊಳಗೆ ಸರಿಹೋಗದಿದ್ರೆ ಮಾರಿಬಿಡೋಣ. ನೀನು ಆ ತಿರುವಿನಲ್ಲಿ ಜಾರಿಬೀಳೋದನ್ನ ಕಾಯ್ತಾ ಕೂರೋಕೆ ನನ್ನಿಂದಾಗಲ್ಲ," ಎಂದರು. ಭಾನುವಾರ ಹತ್ತು ಗಂಟೆಗೆ ಬೈಕ್ ನೋಡಲು ಯಾರೋ ಬರುವುದೂ ನಿಶ್ಚಯವಾಯಿತು.

ಪಂಕ್ಚರ್ ಅಂಗಡಿಯ ಹಿರಿಯರ ಬಳಿಗೆ ತಮ್ಮನ್ನು ಎರಡು ಬಾರಿ ಕರೆದೊಯ್ದದ್ದು ತಮಗೆ ನೆನಪಿರಬಹುದು. ಅವರು ಚಕ್ರ ಬಿಚ್ಚಿ, ನೆಲಕ್ಕೆ ತಾಗುವ ಟೈರಿನ ಮೈಯನ್ನೆಲ್ಲ ಅಂಗುಲ ಅಂಗುಲವಾಗಿ ನೀರಿಗೆ ಅದ್ದಿ ನೋಡಿದರು. ತಾವು ಒಂದು ಗುಳ್ಳೆಯನ್ನೂ ಬಿಡದೆ ಉಸಿರು ಬಿಗಿಹಿಡಿದು ಕೂತಿರಿ. "ಅಕ್ಕಾ, ಟೈರಿಗೇನೂ ಆಗಿಲ್ಲ. ದಿನಾ ಮೀಟರ್ ಚುಚ್ಚಿ ಚುಚ್ಚಿ ನೀವೇ ಗಾಳಿ ಖಾಲಿ ಮಾಡ್ತಿದ್ದೀರಿ," ಎಂದು ಅವರು ನನ್ನನ್ನು ಮನೆಗೆ ಕಳಿಸಿದರು. ಅಂಥ ಹೊತ್ತಿನಲ್ಲಿ ತಾವು ತೋರಿದ ಶಿಸ್ತನ್ನು ಮಿಕ್ಕ ಆರು ದಿನವೂ ತೋರಿದ್ದರೆ ಈ ಪತ್ರದ ಅಗತ್ಯವೇ ಬರುತ್ತಿರಲಿಲ್ಲ.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳು. ಹೊರಡುವ ಮುನ್ನಾದಿನ ವಾಲ್ವಿನ ಬಳಿ ಬಂದು ಒಮ್ಮೆ ಕೆಮ್ಮಬೇಕು. ಎಲ್ಲರೂ ಒಟ್ಟಿಗೆ ರಜೆ ಹಾಕದೆ ಪಾಳಿಯ ಮೇಲೆ ಹೋಗಿ ಬರಬೇಕು. ಅದೂ ಆಗದಿದ್ದರೆ, ಹೊರಗೆ ಹೋದವರು ನಾನು ಮನೆಗೆ ಮರಳುವವರೆಗಾದರೂ ಚಕ್ರದ ಪಕ್ಕದಲ್ಲೇ ಓಡುತ್ತಾ ಬರಬೇಕು.

ಇಷ್ಟು ಬರೆದಿಟ್ಟು ಕಾದರೂ ಉತ್ತರ ಬರುವ ಲಕ್ಷಣ ಕಾಣದ್ದರಿಂದ ಗುರುವಾರ ರಜೆ ಹಾಕಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಬೈಕನ್ನು ನಿಲ್ಲಿಸಿ, ಸೋಪಿನ ನೀರನ್ನು ಬಣ್ಣ ಬಳಿಯುವ ಬ್ರಷ್ಷಿನಿಂದ ಇಡೀ ಚಕ್ರಕ್ಕೆ ಹಚ್ಚಿದೆ. ಟೈರಿಗಷ್ಟೇ ಅಲ್ಲ, ಯಾರೂ ನೋಡದಿದ್ದ ಕಡೆಗೂ, ಅಂದರೆ ಮೂವತ್ತಾರು ಕಡ್ಡಿಗಳು ರಿಮ್ಮಿಗೆ ಸೇರುವಲ್ಲಿನ ಪುಟ್ಟ ನಟ್ಟುಗಳಿಗೂ. ಮೂವತ್ತಮೂರು ಸುಮ್ಮನಿದ್ದವು. ಉಳಿದ ಮೂರರ ಬುಡದಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದೊಂದಾಗಿ, ಆತುರವಿಲ್ಲದೆ ಏಳತೊಡಗಿದವು. ತಮ್ಮನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಸಿಟ್ಟಿನ ನಡುವೆಯೂ ಚಂದ ಕಂಡಿರೆಂದು ಒಪ್ಪಿಕೊಳ್ಳುತ್ತೇನೆ.

ಅಂದೇ ಬೈಕನ್ನು ಅಂಗಡಿಗೆ ಒಯ್ದಾಗ ಹಿರಿಯರು ಟೈರು ಕಳಚಿ ಒಳಗೆ ನೋಡಿದರು. ಟ್ಯೂಬಿಲ್ಲದ ಟೈರಾದ್ದರಿಂದ ಕಡ್ಡಿಗಳ ತೂತು ಮುಚ್ಚಲೆಂದು ರಿಮ್ಮಿನ ಒಳಗೆ ಸುತ್ತಲೂ ಅಂಟಿಸಿದ್ದ ಪಟ್ಟಿ ಆ ಮೂರು ಕಡೆ ಮಾತ್ರ ತಿರುಚಿಕೊಂಡು ಹರಿದಿತ್ತು. ಇದು ತಾನಾಗಿ ಆದದ್ದಲ್ಲ, ಯಾರೋ ಈ ನಟ್ಟುಗಳನ್ನು ಮತ್ತೆ ಮತ್ತೆ ತಿರುಗಿಸಿದ್ದಾರೆ ಎಂದು ಅವರು ನನ್ನ ಮುಖ ನೋಡಿದರು. ನಾನಂತೂ ತಿರುಗಿಸಿರಲಿಲ್ಲ. ನಮ್ಮ ಮನೆಯಲ್ಲಿ ಇರುವುದು ಇಬ್ಬರೇ.

ನಮ್ಮ ಮನೆಯವರ ಕಸುಬು ತಂತಿವಾದ್ಯಗಳ ರಿಪೇರಿ. ಕೇಳಿದಾಗ ಅವರು ಮುಚ್ಚಿಡಲಿಲ್ಲ. ಪ್ರತಿ ಭಾನುವಾರ ನಾನು ಸ್ನಾನಕ್ಕೆ ಹೋದಾಗ ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿ ನೋಡುತ್ತಿದ್ದರಂತೆ. "ಆ ಮೂರು ಮಾತ್ರ ಶ್ರುತಿ ಬಿಡ್ತಾ ಇದ್ವು. ಕಡ್ಡಿ ಸಡಿಲವಾಗಿ ನಿನಗೇನಾದ್ರೂ ಆದ್ರೆ ಅಂತ ವಾರವಾರ ಬಿಗಿ ಮಾಡ್ತಿದ್ದೆ," ಎಂದರು. ನಾನು ಬೀಳಬಾರದೆಂದು ಅವರು ಬಿಗಿ ಮಾಡಿದಷ್ಟೂ ತಾವು ಹೊರಟಿರಿ. ತಾವು ಹೊರಟಷ್ಟೂ ನಾನು ಬೀಳುವೆನೆಂಬ ಅವರ ಭಯ ಬೆಳೆಯಿತು. ಬಾಗಿಲು ತೆರೆದವರು ಯಾರೆಂದು ಬಲ್ಲ ತಾವು ಇಷ್ಟು ದಿನ ತುಟಿಪಿಟಕ್ಕೆನ್ನದೆ ಇದ್ದದ್ದೇ ನನ್ನ ಮುಖ್ಯ ದೂರು.

ಹಿರಿಯರು ಆ ಜಾಗ ಉಜ್ಜಿ ಒರೆಸಿ, ಅಂಟು ತುಂಬಿ, ಒಂದು ದಿನ ಒಣಗಿಸಿ, ಹೊಸ ಪಟ್ಟಿ ಸುತ್ತಿದರು. ಕಡ್ಡಿಗಳ ಬಿಗಿ ಬೇಕಾದಷ್ಟಿದೆ, ಸ್ವರ ಒಂದೇ ಇರಬೇಕೆಂದೇನಿಲ್ಲ, ಇನ್ನು ನಟ್ಟು ಮುಟ್ಟಿದರೆ ಪಟ್ಟಿ ಮತ್ತೆ ಹರಿಯುತ್ತದೆ ಎಂದು ನಮ್ಮ ಮನೆಯವರನ್ನು ಕರೆಸಿಯೇ ಹೇಳಿದರು. ಶುಕ್ರವಾರ ಸಂಜೆ ಮೂವತ್ತಮೂರು. ಭಾನುವಾರ ಬೆಳಿಗ್ಗೆ ಮೂವತ್ತಮೂರು.

ಆದರೂ ಹತ್ತು ಗಂಟೆಗೆ ಬರಬೇಕಾದವರು ಬಂದರು. ಬೇಡವೆನ್ನಲು ಯಾರೂ ಅವರಿಗೆ ಫೋನ್ ಮಾಡಿರಲಿಲ್ಲ. ನಮ್ಮ ಮನೆಯವರೇ ಮಾಡಲೆಂದು ನಾನು ಕಾದಿದ್ದೆ. ಬಂದವರು ಬೈಕಿನ ಸುತ್ತ ಎರಡು ಸುತ್ತು ಹಾಕಿ, ಸೀಟು ಸವರಿ, ಯಾವಾಗ ತೆಗೆದುಕೊಂಡು ಹೋಗಲಿ ಎಂದರು. ನಮ್ಮ ಮನೆಯವರು ಕುಕ್ಕರುಗಾಲಲ್ಲಿ ಕೂತು ಹಿಂದಿನ ಚಕ್ರವನ್ನು ಮೀಟುತ್ತಾ ಹೋದರು. ಮೂರು ಕಡ್ಡಿಗಳು ಬೇರೆಯೇ ರಾಗ ಹಾಡಿದವು. ಮೀಟಿದವರ ಮುಖ ಕಹಿ ಗುಳಿಗೆ ನುಂಗಿದಂತಾಯಿತು.

"ತಪ್ಪು ತಿಳೀಬೇಡಿ," ಎಂದರು ಎದ್ದು ನಿಂತು. "ಶ್ರುತಿ ತಪ್ಪಿರೋ ವಸ್ತುವನ್ನ ನಾನು ಇವತ್ತಿನವರೆಗೂ ಯಾರ ಕೈಗೂ ಕೊಟ್ಟಿಲ್ಲ. ಇದನ್ನ ಸರಿಮಾಡೋ ಹಾಗೂ ಇಲ್ಲ. ಇವಳೇ ಓಡಿಸಿಕೊಂಡಿರ್ಲಿ."

ಇಂತು,
ತಮ್ಮನ್ನು ದಿನವೂ ಅಳೆಯುವ, ಆದರೂ ತಮ್ಮ ವಿಶ್ವಾಸಿ,
ಸೀಟಿನ ಮೇಲಿನವಳು

ತಾ.ಕ.: ಟೈರು ಕಳಚಿ, ಕಡ್ಡಿಗಳನ್ನು ಬೇಕಾದ ಶ್ರುತಿಗೆ ತಂದು, ಮೇಲೆ ಹೊಸ ಪಟ್ಟಿ ಸುತ್ತಿದರೆ ಗಾಳಿಯೂ ನಿಲ್ಲುತ್ತದೆ, ಸ್ವರವೂ ಕೂಡುತ್ತದೆ, ಎಲ್ಲ ಅರ್ಧ ದಿನದ ಕೆಲಸವೆಂದು ಹಿರಿಯರು ಆಮೇಲೆ ನನಗೊಬ್ಬಳಿಗೇ ಹೇಳಿದರು. ಮನೆಯಲ್ಲಿ ನಾನಿದನ್ನು ಹೇಳಿಲ್ಲ. ತಾವೂ ಇನ್ನು ಮುಂದೆ ಏನನ್ನೂ ಹೊರಗೆ ಬಿಡಕೂಡದು.