ಇಂದಿನಿಂದ ಈ ಮನೆಯಲ್ಲಿ ಕಡಿತ

ಅರ್ಧ ಲೀಟರ್ ಹಾಲು ಕಮ್ಮಿ ಹಾಕಪ್ಪಾ ಎಂದು ಹಾಲಿನವನಿಗೆ ಬಾಯಲ್ಲಿ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮ್ಮ ನೋಟೀಸಪ್ಪನವರಿಗೆ ಬಾಯಿ ಇರುವುದು ಊಟಕ್ಕೆ ಮಾತ್ರ. ಹೇಳಬೇಕಾದ್ದು ಏನೇ ಇರಲಿ, ಬರೆದು ಅಂಟಿಸಿ ಕೆಳಗೊಂದು ಸಹಿ ಹಾಕಿದರೇನೇ ಅವರಿಗೆ ಸಮಾಧಾನ.

ಅದು ಅವರ ತಪ್ಪೂ ಅಲ್ಲ ಬಿಡಿ. ನೀರು ಸರಬರಾಜು ಕಚೇರಿಯಲ್ಲಿ ಅವರ ಕೆಲಸವೇ ಅದು. ಪೈಪು ಒಡೆದರೆ, ಮೋಟಾರು ಸುಟ್ಟರೆ, ಟ್ಯಾಂಕು ತೊಳೆದರೆ, 'ನೀರು ಪೂರೈಕೆಯಲ್ಲಿ ಕಡಿತ, ಸಾರ್ವಜನಿಕರು ಸಹಕರಿಸಬೇಕು' ಎಂದು ಬರೆದೂ ಬರೆದೂ ಆ ಮಾತು ಕೈಗೆ ಅಂಟಿಕೊಂಡುಬಿಟ್ಟಿತ್ತು. ಬೀದಿಯವರು ಅವರ ನಿಜವಾದ ಹೆಸರನ್ನು ಮರೆತು ಯಾವ ಕಾಲವಾಯಿತೋ. ಮನೆಯ ಬಚ್ಚಲಲ್ಲೂ 'ನಲ್ಲಿಯನ್ನು ಬಿಗಿಯಾಗಿ ತಿರುಗಿಸತಕ್ಕದ್ದು' ಎಂಬ ಪ್ರಕಟಣೆ ಇತ್ತು.

ಶುಕ್ರವಾರ ಸಂಜೆ ಮನೆಯಲ್ಲಿ ಸಭೆ ಸೇರಿತ್ತು. ಸಭೆಯೆಂದರೆ ಅವರು, ಹೆಂಡತಿ, ಏಳನೇ ತರಗತಿಯ ಮಗಳು. ವಿಷಯ ಒಂದೇ: ಸಮುದ್ರ.

"ಮದುವೆಯಾದಾಗಿಂದ ಮುಂದಿನ ವರ್ಷ ಸಮುದ್ರ ತೋರಿಸ್ತೀನಿ ಅಂತಾನೇ ಇದ್ದೀರಿ," ಎಂದರು ಹೆಂಡತಿ. "ಆ ಮುಂದಿನ ವರ್ಷ ಯಾವ ವರ್ಷ ಬರುತ್ತೆ ರೀ?"

ಆಕೆ ಜಗಳ ಮಾಡಲಿಲ್ಲ. ಮಾಡಿದ್ದರೆ ವಾಸಿಯಿತ್ತು. ಹಳೆಯ ಕ್ಯಾಲೆಂಡರಿನ ಸಮುದ್ರದ ಚಿತ್ರವನ್ನು ಕತ್ತರಿಸಿ ಒಲೆಯ ಪಕ್ಕ ಅಂಟಿಸಿಕೊಂಡು, ಅದನ್ನೇ ನೋಡುತ್ತ ಇಷ್ಟು ವರ್ಷ ಅಡುಗೆ ಮಾಡಿದವರು. ಒಗ್ಗರಣೆಯ ಎಣ್ಣೆ ಸಿಡಿದೂ ಸಿಡಿದೂ ಆ ಸಮುದ್ರ ಅರ್ಧ ಕಾಣುತ್ತಲೇ ಇರಲಿಲ್ಲ.

ಅಲ್ಲೇ ತೀರ್ಮಾನವಾಯಿತು. ಹಾಲು ಅರ್ಧ, ಪೇಪರು ಭಾನುವಾರ ಮಾತ್ರ, ಇಸ್ತ್ರಿ ಮನೆಯಲ್ಲೇ, ನೆಂಟರ ಉಪಚಾರ ಬರೀ ಚಹಾದಲ್ಲಿ. ಉಳಿದ ದುಡ್ಡೆಲ್ಲ ಬಿಸ್ಕತ್ತಿನ ಖಾಲಿ ಡಬ್ಬಕ್ಕೆ.

"ಹನಿಗೂಡಿದರೆ ಹಳ್ಳ ಕಣಮ್ಮಾ," ಎಂದು ಮಗಳ ತಲೆ ಸವರಿದರು.

"ನಮಗೆ ಬೇಕಿರೋದು ಸಮುದ್ರ ಅಲ್ವಾಪ್ಪ?" ಎಂದಳು ಮಗಳು.

ಶನಿವಾರ ಕಚೇರಿಗೆ ರಜೆ. ಬೆಳಗಾಗುತ್ತಲೇ ಗೇಟಿನ ಮೇಲೆ ಪ್ರಕಟಣೆ ಬಿತ್ತು. ಮುಖ್ಯವಾದ ಪದವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರು.

'ಸಾರ್ವಜನಿಕರ ಗಮನಕ್ಕೆ. ಇಂದಿನಿಂದ ಈ ಮನೆಯಲ್ಲಿ ಕಡಿತ ಜಾರಿಯಲ್ಲಿರುತ್ತದೆ. ಮೊದಲು ಹಾಲಿನವರಿಗೆ, ನಂತರ ಪೇಪರಿನವರಿಗೆ, ಆಮೇಲೆ ಇಸ್ತ್ರಿಯವರಿಗೆ. ನೆಂಟರಿಷ್ಟರಿಗೂ ವಿನಾಯಿತಿ ಇರುವುದಿಲ್ಲ. ಸಹಕರಿಸಿ.'

ಹಾಲಿನವನು ಬಂದ. ಸೈಕಲ್ ನಿಲ್ಲಿಸಿ ತುಟಿ ಅಲ್ಲಾಡಿಸುತ್ತ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಸೈಕಲ್ಲನ್ನು ಮೆಲ್ಲಗೆ ಹಿಂದಕ್ಕೆ ನಡೆಸಿಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ನಿಂತ.

"ಸಾರ್! ಕಟ್ಟಿದ್ದೀರಾ?" ಎಂದು ಅಲ್ಲಿಂದಲೇ ಕೂಗಿದ.

ಹಾಲಿನ ಕಾರ್ಡಿನ ದುಡ್ಡು ಕೇಳುತ್ತಿದ್ದಾನೆ ಎಂದುಕೊಂಡರು ನೋಟೀಸಪ್ಪನವರು. "ಇನ್ನೂ ಕಟ್ಟಿಲ್ಲಪ್ಪಾ. ಸೋಮವಾರ ಕಟ್ತೀನಿ."

"ಸೋಮವಾರದ ತನಕ ಹಾಗೇ ಬಿಟ್ಟಿರ್ತೀರಾ?"

"ಯಾಕೆ, ಹೋದ ತಿಂಗಳೂ ಎರಡು ದಿನ ಹಾಗೇ ಬಿಟ್ಟಿರ್ಲಿಲ್ವಾ? ಏನಾಯ್ತು ನಿನಗೆ?"

"ಏನೂ ಆಗ್ಲಿಲ್ಲ ಸಾರ್, ದೇವರು ದೊಡ್ಡವನು. ಆದ್ರೆ ಮೊದಲು ನನಗೇ ಯಾಕೆ ಸಾರ್? ನಾನೇನು ಅನ್ಯಾಯ ಮಾಡಿದ್ದೆ?"

"ಬೇಜಾರು ಮಾಡ್ಕೋಬೇಡ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬರೋನು ನೀನೇ ತಾನೇ? ಅದಕ್ಕೇ ನಿನ್ನಿಂದ ಶುರು. ಜಾಸ್ತಿ ಏನಿಲ್ಲ, ಅರ್ಧ ಅಷ್ಟೇ."

"ಅರ್ಧಾನಾ!" ಹಾಲಿನವನು ತನ್ನ ಮೈಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿಕೊಂಡ. ಮರುಗಳಿಗೆ ಎರಡು ಹಾಲಿನ ಪ್ಯಾಕೆಟ್ಟುಗಳು ಗೇಟಿನ ಮೇಲಿಂದ ಹಾರಿ ಬಂದವು. ಒಂದು ಮೆಟ್ಟಿಲಿಗೆ ಬಡಿದು ಒಡೆಯಿತು. ಸೈಕಲ್ ಆಗಲೇ ತಿರುವು ದಾಟಿತ್ತು.

"ಅರ್ಧ ಮಾಡು ಅಂದಿದ್ದಕ್ಕೆ ಅರ್ಧ ಚೆಲ್ಲಿಯೇ ಹೋದನಲ್ಲ!" ಎಂದು ನೋಟೀಸಪ್ಪನವರು ಪೊರಕೆ ತಂದರು.

ಮೆಟ್ಟಿಲು ತೊಳೆಯುವಷ್ಟರಲ್ಲಿ ಎದುರುಮನೆಯ ಡ್ರಿಲ್ ಮೇಷ್ಟ್ರು ಗೇಟಿಗೆ ಬಂದರು. ಶಾಲೆಯಿಂದ ನಿವೃತ್ತರಾದರೂ ಅವರು ಕೊರಳಿನ ಸೀಟಿ ತೆಗೆದಿರಲಿಲ್ಲ. ಬೀದಿಗೆ ಯಾರೂ ಆರಿಸದ ಅಧ್ಯಕ್ಷರು ಅವರೇ. ಪ್ರಕಟಣೆಯನ್ನು ಪೂರ್ತಿ ಓದಿ ದನಿ ತಗ್ಗಿಸಿದರು.

"ಎಷ್ಟು ದೊಡ್ಡದು?"

"ಸದ್ಯಕ್ಕೆ ಸಣ್ಣದೇ ಮೇಷ್ಟ್ರೇ. ಹೋಗ್ತಾ ಹೋಗ್ತಾ ದೊಡ್ಡದು ಮಾಡ್ತೀವಿ."

"ಯಾರು ನೋಡ್ಕೊಳ್ಳೋದು?"

"ನನ್ನ ಹೆಂಡ್ತೀನೇ. ಅವಳ ಕೈಯಲ್ಲಿದ್ರೆ ಬಿಗಿಯಾಗಿರುತ್ತೆ."

"ಭೇಷ್! ಕೈ ಮಾತ್ರ ಸಡಿಲ ಬಿಡಬಾರದು ನೋಡಿ," ಎಂದು ಮೇಷ್ಟ್ರು ಗೇಟಿನ ಆಚೆಯಿಂದಲೇ ಕೈ ಕುಲುಕಿ, ಅದನ್ನು ಬೇಗ ವಾಪಸ್ಸು ಎಳೆದುಕೊಂಡು ಹೋದರು. ಮಿತವ್ಯಯದ ಬಗ್ಗೆ ಮೇಷ್ಟ್ರಿಗೆ ಇಷ್ಟು ಗೌರವ ಇದೆಯೆಂದು ನೋಟೀಸಪ್ಪನವರಿಗೆ ಗೊತ್ತೇ ಇರಲಿಲ್ಲ.

ಹತ್ತು ಗಂಟೆಗೆ ಮಗಳು ಆಟ ಬಿಟ್ಟು ಓಡಿ ಬಂದಳು.

"ಅಪ್ಪಾ, ನಮ್ಮನೆ ನಾಯಿ ಎಲ್ಲಿ? ನನ್ನ ಜೊತೆ ಯಾರೂ ಆಡೋಕೇ ಬರ್ತಿಲ್ಲ!"

"ಯಾವ ನಾಯೀನೇ?"

"ನೀವೇ ಬರೆದಿದ್ದೀರಲ್ಲ. ನಿಮ್ಮ ಆಫೀಸಲ್ಲಿ ಕಡಿತ ಅಂದ್ರೆ ಕಮ್ಮಿ ಮಾಡೋದು. ಬೀದೀಲಿ ಕಡಿತ ಅಂದ್ರೆ ಕಚ್ಚೋದು. ನಮ್ಮನೇಲಿ ಕರು ಗಾತ್ರದ ನಾಯಿ ಇದೆಯಂತೆ. ಅರ್ಧ ಹಾಲಿನವನನ್ನ ತಿಂದುಹಾಕಿದೆಯಂತೆ!"

ನೋಟೀಸಪ್ಪನವರು ಪ್ರಕಟಣೆಯನ್ನು ಹೊಸ ಕಣ್ಣಿಂದ ಓದಿದರು. 'ನೆಂಟರಿಷ್ಟರಿಗೂ ವಿನಾಯಿತಿ ಇರುವುದಿಲ್ಲ' ಎಂಬಲ್ಲಿಗೆ ಬಂದಾಗ ಬೆವರೊಡೆಯಿತು. ಇಷ್ಟು ವರ್ಷ ಊರಿಗೆಲ್ಲ ಪ್ರಕಟಣೆ ಬರೆದ ಕೈ! ಹರಿದು ಹಾಕಲೆಂದು ಧಾವಿಸಿದರು. ಅಷ್ಟರಲ್ಲಿ ಗೇಟಿನಾಚೆ ಪಕ್ಕದ ಮನೆಯ ರೇಡಿಯೋ ಆಂಟಿ ಪಾತ್ರೆ ಹಿಡಿದು ನಿಂತಿದ್ದರು. ಬೀದಿಯ ಸುದ್ದಿಯನ್ನೆಲ್ಲ ಬಿತ್ತರಿಸುವ ಆಕೆಯ ಕಣ್ಣಲ್ಲಿ ಇವತ್ತು ನೀರಿತ್ತು.

"ಅಣ್ಣಾ, ನಿಮ್ಮ ಉಪಕಾರ ನಾನು ಮರೆಯಲ್ಲ," ಎಂದರು. "ಆ ನಲ್ಲಿ ಕಳ್ಳ ನಮ್ಮ ಬಚ್ಚಲಿನ ನಲ್ಲಿ ಬಿಚ್ಕೊಂಡು ಹೋದಾಗಿಂದ ನಾನು ಕಣ್ಣು ಮುಚ್ಚಿಲ್ಲ. ನಮ್ಮನೆಯವರಿಗೆ ರಾತ್ರಿ ಪಾಳಿ. ಒಂದು ಎಲೆ ಅಲ್ಲಾಡಿದ್ರೂ ಎದ್ದು ಕೂರ್ತಿದ್ದೆ. ನಾಯಿ ತಂದಿದ್ದೀರಿ ಅಂತ ಕೇಳಿದ್ದೇ ತಡ, ಈಗ ಬೆಳಗ್ಗೆಯೇ ಒಂದು ಗಂಟೆ ನಿದ್ದೆ ಮಾಡಿ ಬಂದೆ ಅಣ್ಣಾ."

'ನಾಯಿ ಇಲ್ಲಮ್ಮಾ' ಎಂಬ ಮಾತು ನೋಟೀಸಪ್ಪನವರ ಗಂಟಲವರೆಗೆ ಬಂತು. ಆಕೆಯ ಮುಖ ನೋಡಿತು. ವಾಪಸ್ಸು ಹೋಯಿತು.

"ಒಳಗೆ ಮಲಗಿದೆ," ಎಂದುಬಿಟ್ಟರು.

"ಎದ್ದ ಮೇಲೆ ಇದು ಹಾಕಿ," ಎಂದು ಆಂಟಿ ಪಾತ್ರೆ ಕೊಟ್ಟರು. ಪಾತ್ರೆ ತುಂಬ ಹಾಲು, ಅದರಲ್ಲಿ ಎರಡು ಬನ್ನು.

ಆಮೇಲೆ ತಡೆಯುವವರೇ ಇಲ್ಲ. ಒಬ್ಬರು ಬೇಯಿಸಿದ ಮೊಟ್ಟೆ ತಂದರು, ಇನ್ನೊಬ್ಬರು ಬ್ರೆಡ್ಡು, ಮತ್ತೊಬ್ಬರು ಕಾಗದದಲ್ಲಿ ಸುತ್ತಿದ ಮೂಳೆ. ಎಲ್ಲರೂ ಗೇಟಿನ ಮೇಲಿಂದ ತೋಳು ಚಾಚಿ ಕೊಟ್ಟು, ಕೈ ಮುಗಿದು ಹೋಗುತ್ತಿದ್ದರು. ಚಂದಾ ವಸೂಲಿಯವರು ಗೇಟಿನವರೆಗೂ ಬಂದು ಸುಮ್ಮನೆ ಹೋದರು. ನಾಲ್ಕು ದಿನ ಇರುತ್ತೇನೆಂದು ಹೊರಟಿದ್ದ ಸೋದರಮಾವ, ದಾರಿಯಲ್ಲಿ ಹಾಲಿನವನು ಸಿಕ್ಕಿದ ಮೇಲೆ, ಬಸ್ ನಿಲ್ದಾಣದಿಂದಲೇ ಫೋನ್ ಮಾಡಿ ಕ್ಷೇಮ ವಿಚಾರಿಸಿಕೊಂಡು ವಾಪಸ್ಸಾದರು.

ಮಧ್ಯಾಹ್ನ ಮೂಳೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮೂವರೂ ಕೂತು ಉಂಡರು.

"ಪಾಪ ಅಲ್ವೇನ್ರೀ?" ಎಂದರು ಹೆಂಡತಿ, ಎರಡನೇ ಬನ್ನು ಹಾಲಿಗೆ ಅದ್ದುತ್ತ.

"ನಾವೆಲ್ಲಿ ನಾಯಿ ಅಂತ ಬರೆದಿದ್ದೀವಿ?"

ಅಂಗಡಿಗೆಂದು ತೆಗೆದಿಟ್ಟಿದ್ದ ದುಡ್ಡು ಡಬ್ಬಕ್ಕೆ ಬಿದ್ದು ಠಣ್ ಎಂದಿತು. ಹೆಂಡತಿ ಡಬ್ಬವನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನಕ್ಕರು. ಆ ನಗು ನೋಡಿ ನೋಟೀಸಪ್ಪನವರಿಗೆ ಹೃದಯ ತುಂಬಿ ಬಂತು. ಎಂಥ ಜನ! ಎಂಥ ಬೀದಿ! ಹುಟ್ಟದೇ ಇರುವ ನಾಯಿಗೆ ಇಷ್ಟು ಪ್ರೀತಿ ತೋರಿಸುವವರ ನಡುವೆ ಬಾಳುವುದೇ ಭಾಗ್ಯ ಎಂದುಕೊಂಡರು.

ಮೂರು ಗಂಟೆಗೆ ಸೀಟಿ ಕೇಳಿಸಿತು.

"ನೋಟೀಸಪ್ಪನವರೇ! ಬೆಳಗ್ಗೆಯಿಂದ ಒಂದ್ಸಲವೂ ಬೊಗಳಿಲ್ಲವಲ್ರೀ? ಬೀದಿಯವರಿಗೆ ಅನುಮಾನ ಬರ್ತಿದೆ. ಒಂದು ಸಲ ಕೇಳಿಸಿ!"

ಗೇಟಿನ ಮುಂದೆ ಏಳೆಂಟು ಜನ. ಅವರ ಮುಂದೆ ರೇಡಿಯೋ ಆಂಟಿ, ಕೈ ಜೋಡಿಸಿಕೊಂಡು. "ಎಬ್ಬಿಸ್ತೀನಿ ಇರಿ," ಎಂದು ನೋಟೀಸಪ್ಪನವರು ಒಳಗೆ ಓಡಿದರು. ಹೆಂಡತಿಯ ಮುಖ ನೋಡಿದರು, ಮಗಳ ಮುಖ ನೋಡಿದರು. ಯಾರೂ ಮುಂದೆ ಬರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಬಚ್ಚಲಿಗೆ ನುಗ್ಗಿ, ತಗಡಿನ ಬಕೆಟ್ಟನ್ನು ತಲೆಗೆ ಕವುಚಿಕೊಂಡು ಬೊಗಳಿದರು.

ಮೊದಲನೆಯದು ಕೆಮ್ಮಿದಂತೆ ಬಂತು. ಎರಡನೆಯದಕ್ಕೆ ಹದ ಸಿಕ್ಕಿತು. ಮೂರನೆಯದಕ್ಕೆ ಕಚೇರಿಯಲ್ಲಿ ಮೇಲಧಿಕಾರಿಗೆ ಹೇಳಲಾಗದೆ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಹೊರಬಂದು ಕಿಟಕಿಯ ಗಾಜು ಅದುರಿತು. ಹೊರಗೆ ಯಾರೋ ಓಡಿದ ಸದ್ದಾಯಿತು.

"ಒಳ್ಳೇ ಜಾತಿ!" ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು.

ಐದು ಗಂಟೆಗೆ ಇಡೀ ಬೀದಿ ಗೇಟಿನ ಮುಂದೆ ಸೇರಿತು. ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದರು. ಆಂಟಿಯ ಕೈಯಲ್ಲೊಂದು ಭಾರವಾದ ಚೀಲವಿತ್ತು. ಸನ್ಮಾನವಿರಬೇಕು ಎಂದು ನೋಟೀಸಪ್ಪನವರು ಅಂಗಿಯ ಗುಂಡಿ ಸರಿಮಾಡಿಕೊಂಡರು. ಮೇಷ್ಟ್ರು ಗಂಟಲು ಸರಿಪಡಿಸಿಕೊಂಡರು.

"ನಿಮಗೆ ಒಂದು ವಿಷಯ ಹೇಳಿರಲಿಲ್ಲ. ನಾವೆಲ್ಲ ಸೇರಿ ಇವತ್ತು ಸಂಜೆಗೆ ಬಸ್ಸು ಗೊತ್ತು ಮಾಡಿದ್ವಿ. ನಿಮಗೆ ಕೈ ಬಿಗಿ ಅಂತ ಗೊತ್ತಿತ್ತು, ಕೇಳಿ ಸಂಕಟ ಕೊಡೋದು ಬೇಡ ಅಂತ ಸುಮ್ಮನಿದ್ವಿ. ಆದ್ರೆ ನಮ್ಮ ಮನೆಗಳನ್ನೆಲ್ಲ ಖಾಲಿ ಬಿಟ್ಟು ಹೋದ್ರೆ ಆ ನಲ್ಲಿ ಕಳ್ಳ ಸುಮ್ಮನಿರ್ತಾನಾ? ಕಾವಲಿಗೆ ಜನ ಇಡೋಣ ಅಂತ ದುಡ್ಡು ಸೇರಿಸಿದ್ವಿ. ಈಗ ನಿಮ್ಮ ನಾಯಿ ಇದೆ. ಆ ದುಡ್ಡು ಪೂರ್ತಿ ಉಳಿತಾಯ!"

ಆಂಟಿ ಚೀಲವನ್ನು ಗೇಟಿನ ಮೇಲಿಂದ ಕೊಟ್ಟರು. ಒಳಗೆ ಬೀದಿಯ ಅಷ್ಟೂ ಮನೆಗಳ ಬೀಗದ ಕೈ.

"ಆ ಉಳಿದ ದುಡ್ಡಲ್ಲಿ ಅತ್ತಿಗೆಗೂ ಮಗುವಿಗೂ ಎರಡು ಸೀಟು ಹಿಡಿದಿದ್ದೀವಿ ಅಣ್ಣಾ. ಊಟ, ವಸತಿ ಎಲ್ಲ ನಮ್ಮದೇ," ಎಂದರು ಆಂಟಿ. "ನಿಮಗೂ ಹಿಡೀತಿದ್ವಿ. ಆದ್ರೆ ನಾಯಿ ಬಿಟ್ಟು ನೀವು ಹೇಗೆ ಬರ್ತೀರಿ?"

"ಎಲ್ಲಿಗೆ ಹೋಗ್ತಿದ್ದೀರಿ?" ನೋಟೀಸಪ್ಪನವರ ದನಿ ಉಡುಗಿತ್ತು.

"ಸಮುದ್ರಕ್ಕೆ!" ಎಂದರು ಎಲ್ಲರೂ ಒಟ್ಟಿಗೆ.

ಒಳಗೆ ಏನೋ ಬಿದ್ದ ಸದ್ದಾಯಿತು. ಹೆಂಡತಿಯ ಕೈಯಿಂದ ಸೌಟು ಜಾರಿತ್ತು.

"ನಾನು ಹೋಗಲ್ಲ ರೀ," ಎಂದು ಆಕೆ ಒಲೆಯ ಪಕ್ಕ ನಿಂತುಬಿಟ್ಟರು. "ನೀವು ತೋರಿಸ್ತೀನಿ ಅಂದಿದ್ರಿ. ನೀವಿಲ್ದೆ ಏನು ನೋಡೋದು? ಹೋಗಿ ನಿಜ ಹೇಳಿಬಿಡಿ."

ನಿಜ ಹೇಳಿದರೆ ಬಸ್ಸು ನಿಲ್ಲುತ್ತದೆ. ಯಾರೂ ಸಮುದ್ರ ನೋಡುವುದಿಲ್ಲ, ಈಕೆಯೂ ನೋಡುವುದಿಲ್ಲ. ಡಬ್ಬ ತುಂಬುವ ಹೊತ್ತಿಗೆ ಮಗಳಿಗೆ ಮದುವೆ ವಯಸ್ಸಾಗಿರುತ್ತದೆ.

"ಹೋಗೇ ಮಾರಾಯ್ತಿ," ಎಂದರು. "ಯಾರು ತೋರಿಸಿದ್ರೂ ಸಮುದ್ರ ಅಷ್ಟೇ ಉಪ್ಪು."

ಡಬ್ಬದಲ್ಲಿದ್ದುದನ್ನೆಲ್ಲ ಆಕೆಯ ಕೈಚೀಲಕ್ಕೆ ಸುರಿದರು. ಬಸ್ಸು ಹೊರಟಿತು. ಹೆಂಡತಿ ತಿರುವಿನವರೆಗೂ ಕಿಟಕಿಯಿಂದ ತಲೆ ಒಳಗೆ ತೆಗೆದುಕೊಳ್ಳಲಿಲ್ಲ. ನೋಟೀಸಪ್ಪನವರು ಕೀಲಿಗಳ ಚೀಲ ಹಿಡಿದು ಖಾಲಿ ಬೀದಿಯಲ್ಲಿ ನಿಂತಿದ್ದರು. ಅಳು ಬಂತೋ ನಗು ಬಂತೋ ಅವರಿಗೇ ತಿಳಿಯಲಿಲ್ಲ. ಕತ್ತಲಾಗುವ ಮುನ್ನ ಒಂದು ಸುತ್ತು ಬೊಗಳಿ, ಉಳಿದ ಬ್ರೆಡ್ಡು ತಿಂದು ಮಲಗಿದರು.

ಭಾನುವಾರ ಬೆಳಗ್ಗೆ ಫೋನು ಬಂತು.

"ರೀ, ಮಾತಾಡಬೇಡಿ, ಕೇಳಿ," ಎಂದರು ಹೆಂಡತಿ. ಆಮೇಲೆ ಬರೀ ಅಲೆಗಳ ಸದ್ದು. ಬಂದು ಬೀಳುವುದು, ಸರಿದು ಹೋಗುವುದು, ಮತ್ತೆ ಬರುವುದು. ನೋಟೀಸಪ್ಪನವರು ಗೋಡೆಗೊರಗಿ ಕೂತರು.

"ಎಷ್ಟು ದೊಡ್ಡದು ರೀ..." ಎಂದರು ಆಕೆ. ನೋಟೀಸಪ್ಪನವರ ಕಣ್ಣು ಒದ್ದೆಯಾಯಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತ ಫೋನು ಮೇಷ್ಟ್ರ ಕೈಗೆ ಹೋಯಿತು.

"ನೋಟೀಸಪ್ಪನವರೇ, ನಾಯಿ ಕ್ಷೇಮ ತಾನೇ? ಎಲ್ಲರೂ ಸುತ್ತ ನಿಂತಿದ್ದಾರೆ. ಒಂದು ಕೂಗು ಕೇಳಿಸಿಬಿಡಿ, ನಿಶ್ಚಿಂತೆಯಾಗಿ ನೀರಿಗಿಳೀತೀವಿ!"

ಕೂತಲ್ಲೇ ಬೊಗಳಿದರು. ದಡದಲ್ಲಿ ಹೋ ಎಂದು ಸಂತೋಷದ ಕೂಗೆದ್ದಿತು. ಆ ಗದ್ದಲದ ನಡುವೆ ಹೆಂಡತಿಯ ದನಿ ಹತ್ತಿರದಿಂದ ಬಂತು.

"ನಿನ್ನಿಂದ ಸಮುದ್ರ ನೋಡಿದೆ ಕಣೋ. ನಿನ್ನ ಋಣ ತೀರಿಸೋಕಾಗಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ತಿಳೀತಾ?"

ಸುತ್ತಲಿದ್ದವರು ನಕ್ಕರು. ಆಕೆ ನಾಯಿಗೆ ಹೇಳಿದರೆಂದೇ ಅವರ ಎಣಿಕೆ. ಮದುವೆಯಾದಾಗಿನಿಂದ ಒಮ್ಮೆಯೂ ಆಕೆಯ ಬಾಯಲ್ಲಿ 'ಕಣೋ' ಎನ್ನಿಸಿಕೊಳ್ಳದಿದ್ದ ನೋಟೀಸಪ್ಪನವರು, ಯಾರೂ ಕೇಳದಿದ್ದರೂ, ಇನ್ನೊಮ್ಮೆ ಮೆಲ್ಲಗೆ ಬೊಗಳಿದರು.

ಫೋನು ಮತ್ತೆ ಮೇಷ್ಟ್ರ ಕೈಗೆ ಹೋಗಿತ್ತು.

"ಅಂದಹಾಗೆ ಒಂದು ಮಾತು. ಇನ್ನು ಮೇಲೆ ಪ್ರತಿವರ್ಷ ಹೀಗೇ ಹೋಗೋಣ ಅಂತ ಈಗಷ್ಟೇ ತೀರ್ಮಾನ ಆಯ್ತು. ಮುಂದಿನ ವರ್ಷ ಬೆಟ್ಟಕ್ಕೆ. ಈ ಜಾತಿ ನಾಯಿ ಎಷ್ಟು ವರ್ಷ ಬಾಳುತ್ತೆ?"

ನೋಟೀಸಪ್ಪನವರು ಕಣ್ಣೊರೆಸಿಕೊಂಡು ಲೆಕ್ಕ ಹಾಕಿದರು.

"ನಿವೃತ್ತಿಗೆ ಇನ್ನೂ ಹನ್ನೊಂದು ವರ್ಷ ಇದೆ, ಮೇಷ್ಟ್ರೇ."