ಯಂತ್ರದೊಳಗಿನ ಗಂಡ

ರೋಬೋಟ್ ಓಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ! ಆಫೀಸಿನ ಕುರ್ಚಿಯಲ್ಲಿ ಕೂತು, ಊರಾಚೆಯ ಗೋದಾಮಿನಲ್ಲಿ ಮೊಟ್ಟೆಯ ಟ್ರೇಗಳನ್ನು ಒಂದೂ ಒಡೆಯದಂತೆ ಪೇರಿಸುವ ಮಹಾಪುರುಷ ನಾನು. ಹೆಂಡತಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಾಗ ಎದೆ ತಟ್ಟಿ ಹೇಳಿದೆ:

"ಹಳೇ ರೋಬೋಟ್ ಒಂದನ್ನ ತಂದುಬಿಡ್ತೀನಿ. ಆಫೀಸಲ್ಲಿ ಕೂತೇ ಮನೆಗೆಲಸ ಎಲ್ಲ ಮಾಡ್ತೀನಿ!"

"ಒಂದು ದಿನ ರಜೆ ಉಳಿಸೋಕೆ ಇಷ್ಟೆಲ್ಲ ಸರ್ಕಸ್ಸಾ?" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಪರದೆಯ ಮೇಲೆ ನಮ್ಮ ಅಡುಗೆಮನೆ ಮೂಡಿತು. ಆಫೀಸಿನಿಂದ ಯಾರು ಮಾತಾಡಿದರೂ ಅಲ್ಲಿ ರೋಬೋಟಿನ ಬಾಯಿಂದ ಬರುವುದು ಒಂದೇ ಕೀರಲು ದನಿ.

"ಅದನ್ನ ತಗೊಂಡು ಇಲ್ಲಿಡಿ," ಎಂದಳು, ಗದ್ದದಿಂದ ತೋರಿಸುತ್ತ.

"ಯಾವುದನ್ನ? ಎಲ್ಲಿ? ಸರಿಯಾಗಿ ಹೇಳು!"

"ಅಯ್ಯೋ, ಅದೇ ರೀ!"

ಹಾಲಿನ ಪಾತ್ರೆ ಇರಬೇಕೆಂದು ಎತ್ತಿದೆ. ಅವಳು ತೋರಿಸಿದ್ದು ಒರೆಸುವ ಬಟ್ಟೆ. ಹಾಲು ಚೆಲ್ಲಿತು. ಈಗ ಬಟ್ಟೆ ನಿಜಕ್ಕೂ ಬೇಕಾಯಿತು! ಹುಡುಕಲು ತಿರುಗಿದರೆ ಮೊಣಕೈ ತಗುಲಿ ಹಿಟ್ಟಿನ ಡಬ್ಬ ಉರುಳಿತು. ಹಾಲಿನ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ರೋಬೋಟಿನ ಚಕ್ರ. ಹಜಾರ ದಾಟಿ ಮಲಗುವ ಕೋಣೆಯವರೆಗೂ ನನ್ನ ವಿಜಯಯಾತ್ರೆಯ ಗುರುತು! ಕೈಜೋಡಿಸಲು ಬಂದ ರೋಬೋಟು ಕೈಕೊಟ್ಟಿತ್ತು.

"ನಿಲ್ಸಿ! ನಾನು ಅಡ್ಡ ನಿಂತಿರೋದು ಕಾಣಲ್ವಾ?"

"ನಿಂದೇ ತಪ್ಪು. ಕ್ಯಾಮೆರಾ ಮುಂದೆ ಬಂದು ಹೇಳ್ಬೇಕು!"

ಅವಳು ಎಡಗೈಯಲ್ಲೇ ನೆಲ ಒರೆಸಿದಳು. ನಾನು ಮೇಲುಸ್ತುವಾರಿ ವಹಿಸಿದೆ.

ಮಧ್ಯಾಹ್ನ ಮ್ಯಾನೇಜರ್ ಮೀಟಿಂಗಿಗೆ ಕರೆದರು. ರೋಬೋಟನ್ನು ಪಕ್ಕದ ಕುರ್ಚಿಯ ಗೊಣಗಪ್ಪನಿಗೆ ವಹಿಸಿದೆ. ನಾವಿಟ್ಟ ಹೆಸರಿಗೆ ತಕ್ಕ ಆಸಾಮಿ; ಫ್ಯಾನ್ ತಿರುಗಿದರೂ ಗೊಣಗುತ್ತಾನೆ, ನಿಂತರೂ ಗೊಣಗುತ್ತಾನೆ. "ಏನೂ ಮುಟ್ಬೇಡ, ಸುಮ್ನೆ ನಿಲ್ಸಿಟ್ಟಿರು," ಎಂದು ಎಚ್ಚರಿಸಿ ಹೋದೆ. ಮೀಟಿಂಗ್ ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು. ನೇರ ಮನೆಗೆ ಬಂದೆ.

ಏನಾಶ್ಚರ್ಯ! ನೆಲ ಫಳಫಳ, ಪಾತ್ರೆಗಳೆಲ್ಲ ಜಾಗದಲ್ಲಿ, ಹೆಂಡತಿಯ ಮುಖದಲ್ಲಿ ನಗು!

"ಮಧ್ಯಾಹ್ನ ಎಷ್ಟು ಚೆನ್ನಾಗಿ ಮಾಡ್ತು ರೀ! ನಾನು ತಿರುಗಿ ನೋಡಿದ ಕಡೆಗೇ ಅದೂ ಕತ್ತು ತಿರುಗಿಸಿ, 'ಇದಾ?' ಅನ್ನೋ ಹಾಗೆ ಕಾಯ್ತಿತ್ತು. ತಲೆ ಆಡಿಸಿದ್ರೆ ತಂದುಕೊಡ್ತಿತ್ತು. ಹೆಚ್ಚು ಮಾತೇ ಬೇಕಾಗ್ಲಿಲ್ಲ."

ಗೊಣಗಪ್ಪನ ಹೆಸರು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಮೀಸೆ ತಿರುವುತ್ತ, "ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ನಿನ್ನ ಮನಸ್ಸು ನನಗೆ ಅರ್ಥ ಆಗಲ್ವಾ?" ಎಂದೆ.

ಅವಳ ನಗು ನಿಂತುಹೋಯಿತು.

"ಅದು ನೀವಲ್ಲ ಅಂತ ಆಗ್ಲೇ ಗೊತ್ತಾಯ್ತು."

"ಹೇ... ಹೇಗೆ?"

"ಅದರೊಳಗೆ ಬಂದವರು ಮೊದಲು ಕೇಳಿದ್ದೇ, 'ಕೈ ತುಂಬಾ ನೋಯ್ತಿದೆಯಾ?' ಅಂತ."