ಲಯಬಲ್ ಪದವೂ ಹಚ್ಚೊಳ್ಳಿ ಸೇತುವೆಯೂ

ಹಚ್ಚೊಳ್ಳಿ ಕಾಲುವೆಯ ಕಿರುಸೇತುವೆ ಕುಸಿದಿಲ್ಲ, ಅದರ ನಡುಭಾಗ ಮಾತ್ರ ಸೇವೆಯಿಂದ ನಿವೃತ್ತಿ ಹೊಂದಿದೆ ಎಂದು ಸಿರುಗುಪ್ಪದ ನೀರಾವರಿ ಕಚೇರಿಯೊಂದು ಅಧಿಕೃತವಾಗಿ ತಿಳಿಸಿದೆ.

ಆಚೆ ದಡದಲ್ಲಿ ಊರಿನ ರೈತ ಮಹಿಳೆ ಜಂಬಮ್ಮನ ಭತ್ತ ರಾಶಿ ಬಿದ್ದಿತ್ತು. ಮೋಡ ಕವಿಯುತ್ತಿತ್ತು. ಮಳೆ ಬಂದರೆ ಕಾಳು ಮೊಳಕೆಯೊಡೆಯುತ್ತದೆ, ಟ್ರ್ಯಾಕ್ಟರ್ ದಾಟಲು ಬೇರೆ ದಾರಿಯಿಲ್ಲ. ಬಳ್ಳಾರಿಯ ವಕೀಲರೊಬ್ಬರು ಕಲಿಸಿಕೊಟ್ಟ ಒಂದೇ ಒಂದು ಇಂಗ್ಲಿಷ್ ಪದ ಹೊತ್ತು ಆಕೆ ಆ ಕಚೇರಿಯ ಎಂಜಿನಿಯರ್ ಚನ್ನಬಸವರಾಜರ ಮುಂದೆ ನಿಂತಳು.

"ಇದಕ್ಕ ಯಾರು ಲಯಬಲ್ ಅದಾರ, ಹೇಳ್ರಿ ಸಾಹೇಬ್ರ."

ಸಾಹೇಬರು ಟೈಪಿಸ್ಟನ್ನು ಕರೆದರು. ಸಂಜೆಯೊಳಗೆ ಸುತ್ತೋಲೆ ಹೊರಟಿತು: "ಲಯಬಲ್ ಎಂದರೆ ಕಾನೂನಿನಂತೆ ಹೊಣೆ ಹೊರಬೇಕಾದವರು. ಸದರಿ ಪದವನ್ನು ವರ್ಗವಾಗಿ ಹೋದವರ ಬಗ್ಗೆ, ನಿವೃತ್ತರ ಬಗ್ಗೆ ಹಾಗೂ ಸಾರ್ವಜನಿಕರ ಬಗ್ಗೆ ಧಾರಾಳವಾಗಿ ಬಳಸಬಹುದು. ತಮ್ಮ ಬಗ್ಗೆಯೇ ಬಳಸಿಕೊಂಡ ಸಿಬ್ಬಂದಿ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು." ಇಷ್ಟು ಖಚಿತವಾದ ಅರ್ಥ ಯಾವ ನಿಘಂಟಿನಲ್ಲೂ ಇಲ್ಲ. ಓದಿ ನನಗೆ ಹೆಮ್ಮೆಯೆನಿಸಿತು.

ಮರುದಿನ ಸೇತುವೆಯ ಬಳಿ ಫಲಕ ಎದ್ದಿತು: "ದಾಟುವವರೇ ಲಯಬಲ್." ಗಾಳಿಗೆ ಅದು ಜಂಬಮ್ಮನ ತಮ್ಮ ಓಬಣ್ಣನ ಬೈಕಿನ ಮೇಲೆ ಬಿತ್ತು. ಕೂಡಲೇ ಇನ್ನೊಂದು ಬಂತು: "ಬೀಳುವ ಫಲಕಕ್ಕೆ ಇಲಾಖೆ ಲಯಬಲ್ ಅಲ್ಲ." ಅದು ಬಿದ್ದರೆ ಹೇಗೆಂದು ಮತ್ತೊಂದು. ಹೀಗೆ ಕಾಲುವೆಯ ದಂಡೆ ತುಂಬಿತು. ಗುತ್ತಿಗೆಯ ಬಿಲ್ಲು ತೂಕದ ಮೇಲಿದ್ದುದರಿಂದ ಎಲ್ಲವೂ ದಪ್ಪ ಕಬ್ಬಿಣದವು. ಗುತ್ತಿಗೆದಾರರು ಚನ್ನಬಸವರಾಜರ ಭಾವಮೈದುನ. ಇದು ಕಾಕತಾಳೀಯವೆಂದು ಇಬ್ಬರೂ ಒಪ್ಪಿದ್ದಾರೆ.

ಮೊದಲ ಹನಿ ಬಿದ್ದಾಗ ಜಂಬಮ್ಮ ಸೆರಗು ಸಿಕ್ಕಿಸಿದಳು.

"ಲೇ ಓಬಣ್ಣ, ಅವನ್ನೆಲ್ಲಾ ಕಿತ್ತು ಅಡ್ಡ ಹಾಕಲೇ."

ಊರವರೂ ಕೈ ಹಚ್ಚಿದರು. ಫಲಕಗಳನ್ನು ಸೇತುವೆಯ ಕಂಡಿಗೆ ಅಡ್ಡಲಾಗಿ ಒಂದರ ಪಕ್ಕ ಒಂದು ಹಾಸಿದ ಮೇಲೆ ಟ್ರ್ಯಾಕ್ಟರ್ ಗುರುಗುಟ್ಟುತ್ತ ದಾಟಿತು. ಭತ್ತ ಉಳಿಯಿತು.

ವಾರದೊಳಗೆ ಚನ್ನಬಸವರಾಜರ ಜೀಪು ಬಂತು. ಕೇಸು ಬೀಳುತ್ತದೆಂದು ಊರು ಹೆದರಿತ್ತು. ಅವರು ಹಾಸಿನ ಮೇಲೆ ಅತ್ತಿಂದಿತ್ತ ಓಡಾಡಿ, ಕುಣಿದು ನೋಡಿ, ಟೇಪು ಕತ್ತರಿಸಿ, ಕಾಮಗಾರಿ ಪೂರ್ಣಗೊಂಡಿದೆ ಎಂದು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ಜಂಬಮ್ಮನಿಗೆ ಮಾತ್ರ ಹಳೇ ಪದ ನೆನಪಿತ್ತು. ಈ ಸೇತುವೆಗೆ ಯಾರು ಲಯಬಲ್ ಎಂದು ಕೇಳಿಯೇಬಿಟ್ಟಳು.

"ಕೆಳಗ ನೋಡ್ಕೊಂತ ದಾಟ್ರಿ ಯಮ್ಮಾ," ಎಂದರು ಎಂಜಿನಿಯರ್. "ಎಲ್ಲಾ ಬರದೈತಿ."

ಆಕೆಯ ಪಾದದ ಕೆಳಗೆ ಮೊದಲನೆಯ ಫಲಕವೇ ಇತ್ತು: "ದಾಟುವವರೇ ಲಯಬಲ್." ಈಗ ಹಚ್ಚೊಳ್ಳಿಯ ಜನ ಸೇತುವೆಯನ್ನು ತಲೆ ತಗ್ಗಿಸಿ ಓದುತ್ತಲೇ ದಾಟುತ್ತಾರೆ. ಈ ಭಾಗದಲ್ಲಿ ಸಾಕ್ಷರತೆಯೂ ವಿನಯವೂ ಹೆಚ್ಚಿವೆಯೆಂದು ಕಚೇರಿ ಬಳ್ಳಾರಿಗೆ ವರದಿ ಕಳಿಸಿದೆ.